ಸಣ್ಣ ಕ್ಯಾಮೆರಾದ ಟಚ್ ಸ್ಕ್ರೀನ್ ಮತ್ತು ಮೆನು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯವರ ಕೈಗೆ ಒಂದು ಕಾಂಪ್ಯಾಕ್ಟ್ ಕ್ಯಾಮೆರಾ ಬಂದ ಕೂಡಲೇ ಹುಟ್ಟುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಮದುವೆ ಮನೆಯ ಪಂಕ್ತಿಯಲ್ಲಿ, ಯಕ್ಷಗಾನದ ಆಟ ನಡೆಯುವ ಬಯಲಿನಲ್ಲಿ, ಕಾಗದದಲ್ಲಿ, ವಾಟ್ಸ್ಯಾಪ್‌ನಲ್ಲಿ ಬಂದವನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವುದು ಆಮೇಲೆ. ಮೆನುವಿನ ಹೆಸರುಗಳು ಮಾದರಿಯಿಂದ ಮಾದರಿಗೆ ಬದಲಾಗುತ್ತವೆ. ಹಾಗಾಗಿ ನಿಮ್ಮ ಕ್ಯಾಮೆರಾದ ಕೈಪಿಡಿ ಪಕ್ಕದಲ್ಲಿರಲಿ.

## ಕೈಗೆ ಬಂದ ಮೊದಲ ವಾರ

ಇದೂ ಮೊಬೈಲ್‌ನ ಹಾಗೇ ಅಲ್ವಾ? ಎಲ್ಲಾ ಬೆರಳಲ್ಲೇ ಆಗ್ಬೇಕಿತ್ತಲ್ಲ, ಯಾಕೆ ಆಗೋದಿಲ್ಲ?

ನೋಡಲಿಕ್ಕೆ ಮೊಬೈಲ್‌ನ ಹಾಗೆ, ಅಷ್ಟೇ. ಬೆರಳಿಗೆ ಎಷ್ಟು ಅಧಿಕಾರ ಕೊಡಬೇಕು ಎಂಬುದನ್ನು ಒಂದೊಂದು ಕಂಪನಿ ಒಂದೊಂದು ರೀತಿ ತೀರ್ಮಾನಿಸಿದೆ. ಕ್ಯಾನನ್ ಜಿ7 ಎಕ್ಸ್ ಮಾರ್ಕ್ 2, ಮಾರ್ಕ್ 3 ಮತ್ತು ರಿಕೋ ಜಿಆರ್ 3ರಲ್ಲಿ ಫೋಕಸ್‌ನಿಂದ ಹಿಡಿದು ಮೆನುವಿನ ತನಕ ಬೆರಳು ನಡೆಯುತ್ತದೆ. ಸೋನಿ ಆರ್‌ಎಕ್ಸ್100 ಸರಣಿಗೆ ಟಚ್ ಬಂದದ್ದೇ 2018ರ ಮಾರ್ಕ್ 6ರಲ್ಲಿ. ಅದರಲ್ಲಾಗಲಿ, ಮರುವರ್ಷದ ಮಾರ್ಕ್ 7ರಲ್ಲಾಗಲಿ, 2020ರ ಝಡ್‌ವಿ-1ರಲ್ಲಾಗಲಿ ಬೆರಳು ಮುಖ್ಯವಾಗಿ ಫೋಕಸ್‌ಗೆ. ಮೆನುವಿನೊಳಗೆ ಓಡಾಡಲು ಹಿಂಬದಿಯ ಚಕ್ರವನ್ನೇ ತಿರುಗಿಸಬೇಕು. ಫ್ಯೂಜಿಫಿಲ್ಮ್ ಎಕ್ಸ್100ವಿ ನಡುವಿನದು: ಸಣ್ಣ ಕ್ಯೂ ಮೆನು ಬೆರಳಿಗೆ ಒಪ್ಪುತ್ತದೆ, ದೊಡ್ಡ ಮೆನು ಒಪ್ಪುವುದಿಲ್ಲ.

ಆದ್ದರಿಂದ ಸ್ಕ್ರೀನ್ ಕೆಟ್ಟಿದೆ ಎಂದು ರಿಪೇರಿಗೆ ಓಡುವ ಮೊದಲು ಎರಡು ಸಂಗತಿ ನೋಡಿ. ಸೆಟಪ್ ಮೆನುವಿನಲ್ಲಿ 'ಟಚ್ ಆಪರೇಷನ್' ಆನ್ ಆಗಿದೆಯಾ? ನೀವು ಕೇಳುತ್ತಿರುವ ಕೆಲಸ ನಿಮ್ಮ ಮಾದರಿಯಲ್ಲಿ ಬೆರಳಿಗೆ ಕೊಟ್ಟದ್ದು ಹೌದಾ? ಈ ಪ್ರಶ್ನೆ ಕೇಳಿ ಬಂದ ಹೆಚ್ಚಿನ ಕ್ಯಾಮೆರಾಗಳಿಗೆ ಯಾವ ರೋಗವೂ ಇರಲಿಲ್ಲ.

ನಾನು ಒತ್ತಿದ್ದು ಫೋಕಸ್ ಮಾಡ್ಲಿಕ್ಕೆ. ಅದು ಫೋಟೋ ತೆಗ್ದೇ ಬಿಟ್ಟಿತು! ಎಂತ ಕಥೆ ಇದು?

ಟಚ್ ಶಟರ್ ಆನ್ ಆಗಿದೆ. ಸ್ಕ್ರೀನ್ ಮುಟ್ಟಿದರೆ ಕ್ಯಾಮೆರಾ ಮೂರರಲ್ಲಿ ಒಂದು ಕೆಲಸ ಮಾಡಬಹುದು: ಮುಟ್ಟಿದ ಜಾಗಕ್ಕೆ ಫೋಕಸ್ ಮಾತ್ರ, ಫೋಕಸ್ ಮಾಡಿ ಕೂಡಲೇ ಫೋಟೋ, ಇಲ್ಲವೇ ಮುಟ್ಟಿದ ವಸ್ತುವಿನ ಬೆನ್ನು ಹತ್ತುವ ಟ್ರ್ಯಾಕಿಂಗ್. ಬೆರಳು ಮತ್ತು ಶಟರ್ ಬಟನ್ ಒಟ್ಟಿಗಿರುವ ಚಿತ್ರ ಸ್ಕ್ರೀನಿನ ಅಂಚಿನಲ್ಲಿ ಕಂಡರೆ ಅದೇ ಟಚ್ ಶಟರ್; ಹೆಚ್ಚಿನ ಕ್ಯಾಮೆರಾಗಳಲ್ಲಿ ಅದನ್ನೇ ಒತ್ತಿ ಆಫ್ ಮಾಡಬಹುದು.

ನನ್ನ ಮಾತು ಕೇಳುವುದಾದರೆ ಅದನ್ನು ಆಫ್‌ನಲ್ಲೇ ಇಡಿ. ಸ್ಕ್ರೀನ್ ಮುಟ್ಟಲು ಒಂದು ಕೈ ಹೋದರೆ ಕ್ಯಾಮೆರಾ ಹಿಡಿಯಲು ಉಳಿಯುವುದು ಒಂದೇ ಕೈ, ಸಂಜೆ ಬೆಳಕಿನಲ್ಲಿ ಆ ಅಲುಗಾಟ ಫೋಟೋದಲ್ಲಿ ಕಂಡೇ ಕಾಣುತ್ತದೆ. ಬೆರಳಿನಿಂದ ಜಾಗ ಆರಿಸಿ, ಶಟರ್ ಮೇಲಿನ ಬಟನ್‌ನಲ್ಲೇ ಒತ್ತಿ. ಕ್ಯಾಮೆರಾವನ್ನು ನೆಲದ ಹತ್ತಿರ ಇಟ್ಟು ಸ್ಕ್ರೀನ್ ಮೇಲಕ್ಕೆ ತಿರುಗಿಸಿ, ಅಂಗಳದ ರಂಗೋಲಿಯನ್ನೋ ತುಳಸಿಕಟ್ಟೆಯ ದೀಪವನ್ನೋ ತೆಗೆಯುವಾಗ ಮಾತ್ರ ಟಚ್ ಶಟರ್ ಉಪಕಾರಿ.

ಮೆನು ತೆರೆದ್ರೆ ತಲೆ ತಿರುಗ್ತದೆ. ಇದ್ರಲ್ಲಿ ನನಗೆ ನಿಜವಾಗಿ ಬೇಕಾದ್ದು ಯಾವುದು?

ಹೆಚ್ಚೆಂದರೆ ಹತ್ತು. ಉಳಿದವು ಹಾಗೇ ಇರಲಿ, ನಿಮಗೆ ಅವು ತೊಂದರೆ ಕೊಡುವುದಿಲ್ಲ.

ಮನೆಯಲ್ಲಿ ಕುಳಿತು ಒಮ್ಮೆ ಸರಿಮಾಡಿ ಮರೆಯಬೇಕಾದವು ಇವು: ದಿನಾಂಕ ಮತ್ತು ಟೈಮ್ ಝೋನ್, ಫೋಟೋದ ಗುಣಮಟ್ಟ, ಅಂದರೆ ಜೆಪೆಗ್ ಫೈನ್ ಸಾಕೋ ರಾ (ಕ್ಯಾಮೆರಾ ಕಂಡದ್ದನ್ನು ಹಾಗೇ ಉಳಿಸುವ ದೊಡ್ಡ ಫೈಲ್) ಕೂಡ ಬೇಕೋ ಎಂಬುದು, ಮುಟ್ಟಿದಾಗ, ಫೋಕಸ್ ಆದಾಗ ಬರುವ ಪೀಂ ಸದ್ದು ಬಂದ್, ಟಚ್ ಕೆಲಸ 'ಫೋಕಸ್' ಮಾತ್ರ, ವಿಡಿಯೋ ಪದ್ಧತಿ ಪಾಲ್, ಅದರ ಕಾರಣ ಕೆಳಗೆ ಆಟದ ಪ್ರಶ್ನೆಯಲ್ಲಿ ಹೇಳಿದ್ದೇನೆ.

ಸ್ಥಳದಲ್ಲಿ ಆಗಾಗ ಬದಲಿಸಬೇಕಾದವು ಬೇರೆ: ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಹೊಂದಿಕೆ), ಎಕ್ಸ್‌ಪೋಶರ್ (ಫೋಟೋಗೆ ಸಿಗುವ ಬೆಳಕು) ಹೆಚ್ಚುಕಡಿಮೆ ಮಾಡುವುದು, ಫೋಕಸ್ ವಿಧಾನ, ಫ್ಲ್ಯಾಶ್. ಇವಕ್ಕಾಗಿ ದೊಡ್ಡ ಮೆನುವಿಗೆ ಇಳಿಯಲೇಬಾರದು. ಕ್ಯಾನನ್ ಮತ್ತು ಫ್ಯೂಜಿಯಲ್ಲಿ ಕ್ಯೂ, ಸೋನಿಯಲ್ಲಿ ಎಫ್‌ಎನ್ ಎಂಬ ಸಣ್ಣ ಮೆನು ಇರುವುದು ಇದಕ್ಕೇ. ದೊಡ್ಡ ಮೆನು ಅಟ್ಟ, ಸಣ್ಣ ಮೆನು ಒಲೆಯ ಪಕ್ಕದ ಗೂಡು. ಉಪ್ಪು ಬೇಕಾದಾಗಲೆಲ್ಲ ಅಟ್ಟ ಹತ್ತುವವರು ಯಾರು?

ಒಳ್ಳೆಯ ಫೋಟೋ ತಪ್ಪಿಹೋಗುವುದು ಕ್ಯಾಮೆರಾ ಸಣ್ಣದೆಂದಲ್ಲ, ಆ ಗಳಿಗೆಯಲ್ಲಿ ನಾವು ತಲೆ ತಗ್ಗಿಸಿ ಮೆನು ಹುಡುಕುತ್ತಿರುತ್ತೇವೆ ಎಂದು. ಇಲ್ಲಿನ ಹೆಚ್ಚಿನ ಉತ್ತರಗಳ ಒಳಗೆ ಇದೇ ಮಾತು ಸಿಗುತ್ತದೆ.

ಕನ್ನಡದಲ್ಲಿ ಮೆನು ಉಂಟಾ?

ನಾನು ಕಂಡ ಯಾವ ಕಾಂಪ್ಯಾಕ್ಟ್‌ನಲ್ಲೂ ಇಲ್ಲ. ನಿಕಾನ್ ಕೂಲ್‌ಪಿಕ್ಸ್‌ನ ಕೆಲವು ಮಾದರಿಗಳ ಭಾಷಾಪಟ್ಟಿಯಲ್ಲಿ ಹಿಂದಿ, ಬಂಗಾಳಿ, ಮರಾಠಿ, ತಮಿಳು, ತೆಲುಗು ಇವೆ, ಕನ್ನಡ ಇಲ್ಲ. ನೋಡಿದಾಗ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಮೆನುವಿನ ಚಿತ್ರಗಳು ಎಲ್ಲ ಕಂಪನಿಗಳಲ್ಲೂ ಬಹುತೇಕ ಒಂದೇ: ಮಿಂಚು ಅಂದರೆ ಫ್ಲ್ಯಾಶ್, ಹೂವು ಅಂದರೆ ಹತ್ತಿರದ ವಸ್ತು, ಗಡಿಯಾರ ಅಂದರೆ ಸೆಲ್ಫ್ ಟೈಮರ್, ಸ್ಪ್ಯಾನರ್ ಅಂದರೆ ಸೆಟಪ್, ಕೀಲಿಕೈ ಅಂದರೆ ಡಿಲೀಟ್ ಆಗದಂತೆ ಬೀಗ. ಇವನ್ನು ಗುರುತು ಹಿಡಿದರೆ ಅಕ್ಷರ ಓದಬೇಕಾದ ಸಂದರ್ಭ ಕಡಿಮೆ.

ಭಾವ ಜಪಾನಿನಿಂದ ಕ್ಯಾಮೆರಾ ತಂದುಕೊಟ್ರು. ಮೆನು ಪೂರಾ ಜಪಾನಿ. ಇಂಗ್ಲಿಷ್ ಮಾಡೋದು ಹೇಗೆ?

ಮೊದಲು ಸ್ಪ್ಯಾನರ್ ಚಿತ್ರದ ಟ್ಯಾಬ್‌ಗೆ ಹೋಗಿ ಅದರೊಳಗಿನ ಪುಟಗಳಲ್ಲಿ ಭಾಷೆಯ ಸಾಲು ಹುಡುಕಿ. ಎಷ್ಟೋ ಕ್ಯಾಮೆರಾಗಳಲ್ಲಿ ಆ ಸಾಲಿನ ಪಕ್ಕ ಮಾತಿನ ಗುಳ್ಳೆಯ ಚಿತ್ರವೋ ಇಂಗ್ಲಿಷ್ ಅಕ್ಷರಗಳೋ ಇರುತ್ತವೆ. ಅಲ್ಲಿ ಇಂಗ್ಲಿಷ್ ಸಿಕ್ಕರೆ ಕೆಲಸ ಮುಗಿಯಿತು. ಸಿಗದಿದ್ದರೆ ಅದು ಜಪಾನಿನ ಒಳಮಾರುಕಟ್ಟೆಗೆಂದೇ ಮಾಡಿದ ಕ್ಯಾಮೆರಾ. ಸೋನಿ, ಪ್ಯಾನಸೋನಿಕ್‌ನವರು ಅಲ್ಲಿ ಮಾರುವ ಎಷ್ಟೋ ಮಾದರಿಗಳಲ್ಲಿ ಜಪಾನಿ ಭಾಷೆ ಬಿಟ್ಟರೆ ಬೇರೆ ಭಾಷೆಯೇ ಇರುವುದಿಲ್ಲ. ಬದಲಿಸಿ ಕೊಡುತ್ತೇವೆ ಎಂದು ಯಾರೋ ಕೊಟ್ಟ ಸಾಫ್ಟ್‌ವೇರ್ ಹಾಕಲು ಹೋಗಬೇಡಿ, ಕ್ಯಾಮೆರಾ ಪೂರ್ತಿ ಮಲಗಿಬಿಡುವ ಅಪಾಯ ಉಂಟು. ಇನ್ನೂ ತಂದಿಲ್ಲ ಎಂದಾದರೆ, ಅಂಗಡಿಯಲ್ಲೇ ಭಾಷಾಪಟ್ಟಿ ತೆರೆದು ನೋಡಲು ಭಾವನಿಗೆ ಹೇಳಿ.

ಚಿಕ್ಕಪ್ಪ ದುಬೈಯಿಂದ ತಂದದ್ದು. ಫೋಟೋದ ಸಮಯ ಯಾವಾಗ್ಲೂ ಒಂದೂವರೆ ಗಂಟೆ ಹಿಂದೆ ತೋರಿಸ್ತದೆ.

ದುಬೈ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ಕುವೈತ್‌ನಿಂದ ಬಂದದ್ದಾದರೆ ಎರಡೂವರೆ ಗಂಟೆ. ಗಡಿಯಾರದ ಮುಳ್ಳನ್ನು ಮಾತ್ರ ತಿದ್ದಬೇಡಿ. ಸೆಟಪ್‌ನಲ್ಲಿ 'ಟೈಮ್ ಝೋನ್' ಅಥವಾ 'ಏರಿಯಾ' ಎಂಬಲ್ಲಿ ಭಾರತ ಆರಿಸಿ. ಮೊಬೈಲ್ ಆ್ಯಪ್‌ಗೆ ಜೋಡಿಸಿದರೆ ಕೆಲವು ಕ್ಯಾಮೆರಾಗಳು ಸಮಯವನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಒಂದೇ ಮದುವೆಯ ಫೋಟೋಗಳನ್ನು ಎರಡು ಕ್ಯಾಮೆರಾದಿಂದ ಒಟ್ಟು ಮಾಡುವಾಗ ಧಾರೆಯ ಮೊದಲೇ ಊಟ ಮುಗಿದ ಹಾಗೆ ಕಾಣುವುದು ಈ ಗಡಿಯಾರದ ದೆಸೆಯಿಂದಲೇ.

ಕ್ಯಾಮೆರಾ ತೆಗೆದಾಗಲೆಲ್ಲ ದಿನಾಂಕ ಕೇಳ್ತದೆ. ಹಾಳಾಯ್ತಾ?

ಬ್ಯಾಟರಿ ತೆಗೆದಿಟ್ಟು ಬಹಳ ದಿನ ಆಗಿರಬೇಕು. ಒಳಗೆ ಗಡಿಯಾರಕ್ಕೆಂದೇ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಕ್ಯಾನನ್ ಪವರ್‌ಶಾಟ್‌ಗಳಲ್ಲಿ ಮುಖ್ಯ ಬ್ಯಾಟರಿ ತೆಗೆದ ಮೇಲೆ ಅದು ಸುಮಾರು 3 ವಾರ ಸಮಯ ಹಿಡಿದಿಡುತ್ತದೆ. ಚಾರ್ಜ್ ಆದ ಬ್ಯಾಟರಿ ಹಾಕಿ ಸುಮಾರು 4 ಗಂಟೆ ಬಿಟ್ಟರೆ ಅದೂ ತುಂಬಿಕೊಳ್ಳುತ್ತದೆ. ಇಷ್ಟಾದ ಮೇಲೂ ದಿನಾ ಕೇಳಿದರೆ ಆ ಸಣ್ಣ ಬ್ಯಾಟರಿ ಮುಗಿದಿದೆ. ಫೋಟೋ ತೆಗೆಯಲಿಕ್ಕೆ ಅಡ್ಡಿಯಿಲ್ಲ.

ಅಮ್ಮನಿಗೆ ಕೊಡ್ಬೇಕು. ಅವ್ರು ಏನೇನೋ ಒತ್ತಿ ಗಡಿಬಿಡಿ ಆಗ್ಬಾರ್ದು.

ಡಯಲ್ ಆಟೋದಲ್ಲಿಡಿ, ಟಚ್ ಪೂರ್ತಿ ಆಫ್ ಮಾಡಿ. ಮೊಬೈಲ್ ರೂಢಿಯಾದ ಅಮ್ಮನಾದರೆ ಟಚ್ ಬಿಡಿ, ಟಚ್ ಶಟರ್ ಮಾತ್ರ ತೆಗೆಯಿರಿ.

## ದಿನದ ಬಳಕೆ

ಮಲ್ಪೆ ಬೀಚಲ್ಲಿ ಮಧ್ಯಾಹ್ನ ಸ್ಕ್ರೀನೇ ಕಾಣೋದಿಲ್ಲ. ಕಣ್ಣುಮುಚ್ಚಿ ಹೊಡೀಬೇಕಾ?

ಮೊದಲು ತಂಪು ಕನ್ನಡಕ ತೆಗೆದು ನೋಡಿ. ಪೋಲರೈಸ್ಡ್ ಗಾಜಾಗಿದ್ದರೆ ಕ್ಯಾಮೆರಾವನ್ನು ಅಡ್ಡಕ್ಕೋ ಉದ್ದಕ್ಕೋ ತಿರುಗಿಸಿದಾಗ ಸ್ಕ್ರೀನ್ ಕಪ್ಪಾಗಿ ಕಾಣುತ್ತದೆ, ಕ್ಯಾಮೆರಾದ ತಪ್ಪಲ್ಲ ಅದು. ಆಮೇಲೆ ಬೆಳಕು ಹೆಚ್ಚಿಸಿ: ಸೋನಿಯಲ್ಲಿ ಮಾನಿಟರ್ ಬ್ರೈಟ್‌ನೆಸ್‌ನಲ್ಲಿ 'ಸನ್ನಿ ವೆದರ್' ಎಂಬುದಿದೆ, ಕ್ಯಾನನ್ ಜಿ7 ಎಕ್ಸ್ ಮಾರ್ಕ್ 2ರಲ್ಲಿ ಕೆಳಬಾಣದ ಬಟನ್ ಒಂದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಸ್ಕ್ರೀನ್ ಪೂರ್ಣ ಬೆಳಗುತ್ತದೆ. ಬ್ಯಾಟರಿ ಬೇಗ ಮುಗಿಯುವುದರಿಂದ ನೆರಳಿಗೆ ಬಂದ ಮೇಲೆ ಇಳಿಸಿ.

ಬೆಳಗಿಸಿದ ಸ್ಕ್ರೀನ್ ನೋಡಿ ಎಕ್ಸ್‌ಪೋಶರ್ ನಿರ್ಧರಿಸಬೇಡಿ. ಎಲ್ಲವೂ ಚೆಂದ ಕಾಣುತ್ತದೆ, ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಮಂಕು. ಹಿಸ್ಟೋಗ್ರಾಮ್, ಅಂದರೆ ಬೆಳಕು ನೆರಳಿನ ಹಂಚಿಕೆ ತೋರಿಸುವ ಗ್ರಾಫ್, ಆನ್ ಮಾಡಿ ಅದನ್ನು ನಂಬಿ. ಸೇಂಟ್ ಮೇರೀಸ್ ದ್ವೀಪದ ಕಪ್ಪು ಕಲ್ಲುಕಂಬಗಳ ಹಿಂದೆ ಬಿಳಿ ನೊರೆ, ಅದರ ಹಿಂದೆ ಉರಿಯುವ ಆಕಾಶ. ಇಂಥಲ್ಲಿ ಕಣ್ಣಳತೆ ಸೋಲುತ್ತದೆ. ನಡು ಮಧ್ಯಾಹ್ನ ದೊಡ್ಡ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಬೇಕೆಂದರೆ ಸಣ್ಣ ಮೆನುವಿನಲ್ಲಿ ಎನ್‌ಡಿ ಫಿಲ್ಟರ್ ಇದೆಯಾ ನೋಡಿ. ಜಿ7 ಎಕ್ಸ್ ಮಾರ್ಕ್ 2ರಲ್ಲಿ 3 ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ), ಎಕ್ಸ್100ವಿಯಲ್ಲಿ 4 ಸ್ಟಾಪ್ ಬೆಳಕು ತಡೆಯುವ ಫಿಲ್ಟರ್ ಒಳಗೇ ಇದೆ. ಆದರೆ ನೆರಳಿಗೆ ಬಂದಾಗ ತೆಗೆಯಲು ಮರೆತರೆ ಐಎಸ್‌ಒ ಸುಮ್ಮನೆ ಏರುತ್ತದೆ.

ಸ್ಕ್ರೀನ್ ಗಾರ್ಡ್ ಹಾಕಿದ್ರೆ ಟಚ್ ಕಡಿಮೆ ಆಗ್ತದಾ?

ತೆಳುವಾದ್ದು ಅಂಟಿಕೊಂಡು ಕುಳಿತರೆ ಆಗುವುದಿಲ್ಲ. ಕೆಳಗೆ ಗಾಳಿಗುಳ್ಳೆ ಉಳಿದಲ್ಲಿ ಮಾತ್ರ ಬೆರಳು ತಪ್ಪುತ್ತದೆ. ಕ್ಯಾನನ್‌ನಲ್ಲಿ ಟಚ್ ಸಂವೇದನೆಯನ್ನು ಒಂದು ಮೆಟ್ಟಿಲು ಏರಿಸುವ ಸೆಟ್ಟಿಂಗ್ ಇದೆ. ದಪ್ಪ ಗಾಜು ಹಾಕಿದವರಿಗೆ ಅದು ಬೇಕಾದೀತು.

ಕಾರ್ಡ್ ತುಂಬಿತು ಅಂತ ಸ್ಕ್ರೀನಲ್ಲೇ ಒತ್ತಿ ಫಾರ್ಮ್ಯಾಟ್ ಮಾಡ್ದೆ. ನಾಮಕರಣದ ಫೋಟೋ ಎಲ್ಲ ಹೋಯ್ತು. ವಾಪಸ್ ಬರ್ತದಾ?

ಬರುವ ಸಾಧ್ಯತೆ ಉಂಟು, ಒಂದು ಷರತ್ತಿನ ಮೇಲೆ: ಆ ಕಾರ್ಡಿಗೆ ಇನ್ನು ಒಂದು ಫೋಟೋವನ್ನೂ ಹಾಕಬಾರದು. ಸಾಮಾನ್ಯ ಫಾರ್ಮ್ಯಾಟ್ ಮಾಡುವುದು ಪಟ್ಟಿ ಅಳಿಸುವ ಕೆಲಸ, ಫೋಟೋಗಳ ಮೇಲೆ ಹೊಸತು ಬರೆಯುವ ತನಕ ಹಳತು ಅಲ್ಲೇ ಇರುತ್ತದೆ. ಕಾರ್ಡ್ ಹೊರಗೆ ತೆಗೆದು, ಕಂಪ್ಯೂಟರಿನಲ್ಲಿ ರಿಕವರಿ ಸಾಫ್ಟ್‌ವೇರ್ ಹಾಕಿ ನೋಡಿ. 'ಲೋ ಲೆವೆಲ್ ಫಾರ್ಮ್ಯಾಟ್' ಎಂಬ ಚೌಕಕ್ಕೆ ಗುರುತು ಹಾಕಿ ಮಾಡಿದ್ದರೆ ಆಸೆ ಬಿಡಿ.

ಇನ್ನು ಮುಂದಕ್ಕೆ, ಎಂದೂ ಹೋಗಬಾರದ ಫೋಟೋಗೆ ಕೀಲಿಕೈ ಗುರುತು ಹಾಕಿದರೆ ಡಿಲೀಟ್‌ನಿಂದ ರಕ್ಷಣೆ ಸಿಗುತ್ತದೆ. ಫಾರ್ಮ್ಯಾಟ್ ಆ ಬೀಗವನ್ನೂ ಲೆಕ್ಕಿಸುವುದಿಲ್ಲ.

## ಮಳೆ, ಬೆವರು, ಉಪ್ಪು

ಮಳೆಹನಿ ಬಿದ್ದ ಕೂಡ್ಲೇ ಮೆನು ತನ್ನಷ್ಟಕ್ಕೇ ಓಡ್ತದೆ. ದೆವ್ವ ಹೊಕ್ಕಿದೆಯಾ?

ಈಗಿನ ಸ್ಕ್ರೀನುಗಳು ಕೆಪಾಸಿಟಿವ್. ಗಾಜಿನ ಕೆಳಗೆ ಸೂಕ್ಷ್ಮವಾದ ವಿದ್ಯುತ್ ಕ್ಷೇತ್ರ ಇರುತ್ತದೆ, ನಿಮ್ಮ ಬೆರಳು ಅದನ್ನು ಅಲುಗಿಸಿದ ಜಾಗವನ್ನು ಕ್ಯಾಮೆರಾ ಲೆಕ್ಕ ಹಾಕುತ್ತದೆ. ನೀರೂ ವಿದ್ಯುತ್ತಿಗೆ ದಾರಿ ಕೊಡುವ ವಸ್ತುವಾದ್ದರಿಂದ ಹನಿ ಬಿದ್ದಲ್ಲಿ ಬೆರಳು ಬಿತ್ತೆಂದು ತಿಳಿಯುತ್ತದೆ. ಬೆವರು, ಕಡಲ ತುಂತುರು ಉಪ್ಪು ನೀರಾದ್ದರಿಂದ ಇನ್ನೂ ಜೋರು. ಏಪ್ರಿಲ್, ಮೇ ಸೆಕೆಯಲ್ಲಿ ಹಣೆಯಿಂದ ಜಾರಿದ ಒಂದು ಹನಿ ಸಾಕು, ಫೋಕಸ್ ಚೌಕ ಮೂಲೆಗೆ ಓಡಲಿಕ್ಕೆ.

ಪರಿಹಾರ ಒಂದೇ: ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗೆ ಹೋಗುವಾಗ ಟಚ್ ಆಫ್. ಅದನ್ನು ಒಂದು ಬಟನ್‌ಗೆ ಒಪ್ಪಿಸಲು ನಿಮ್ಮ ಮಾದರಿ ಬಿಡುತ್ತದೆಯಾದರೆ ಹಾಗೆ ಮಾಡಿ, ಒಳಗೆ ಬಂದ ಕೂಡಲೇ ಮತ್ತೆ ಆನ್ ಮಾಡಬಹುದು. ಒಲಿಂಪಸ್ ಟಿಜಿ-6ರಂಥ ನೀರೊಳಗೆ ಮುಳುಗಿಸುವ ಕ್ಯಾಮೆರಾದಲ್ಲಿ ಟಚ್ ಸ್ಕ್ರೀನ್ ಇಲ್ಲ, ಎಲ್ಲ ಬಟನ್‌ನಲ್ಲೇ. ನೀರಲ್ಲಿ ಬೆರಳನ್ನು ನಂಬಿ ಫೋಟೋ ತೆಗೆಯಲಾಗದು.

ಒಂದು ಎಚ್ಚರಿಕೆ: ಸ್ಕ್ರೀನ್ ಮೇಲೆ ಹನಿ ಬಿದ್ದಿದೆ ಅಂದರೆ ಲೆನ್ಸಿನ ಕೊಳವೆಯ ಮೇಲೂ ಬಿದ್ದಿದೆ. ಹೆಚ್ಚಿನ ಕಾಂಪ್ಯಾಕ್ಟ್‌ಗಳಿಗೆ ಮಳೆ ತಡೆಯುವ ಶಕ್ತಿ ಇಲ್ಲ. ಒರೆಸದೆ ಆಫ್ ಮಾಡಿದರೆ ಕೊಳವೆಯ ಜೊತೆ ನೀರೂ ಒಳಗೆ ಹೋಗುತ್ತದೆ. ಮೊದಲು ಒರೆಸಿ, ಆಮೇಲೆ ಆಫ್.

ಏಸಿ ಬಸ್ಸಿಂದ ಇಳಿದು ಕ್ಯಾಮೆರಾ ತೆಗೆದ್ರೆ ಪೂರಾ ಮಂಜು. ಸ್ಕ್ರೀನ್ ಕೂಡ ಒತ್ತಿದ್ದನ್ನು ಕೇಳೋದಿಲ್ಲ.

ತಣ್ಣಗಾದ ಗಾಜಿನ ಮೇಲೆ ನಮ್ಮೂರಿನ ಹಸಿ ಗಾಳಿ ಹನಿಯಾಗುತ್ತದೆ. ಬಸ್ಸಿನಿಂದ ಇಳಿಯುವ ಮೊದಲೇ ಕ್ಯಾಮೆರಾವನ್ನು ಝಿಪ್ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಇಳಿದ ಮೇಲೆ ಸ್ವಲ್ಪ ಹೊತ್ತು ತೆರೆಯಬೇಡಿ. ಹನಿ ಚೀಲದ ಹೊರಗೆ ಕಟ್ಟುತ್ತದೆ, ಕ್ಯಾಮೆರಾದ ಮೇಲಲ್ಲ. ಮಂಜು ಕಟ್ಟಿದ ಮೇಲೆ ಒರೆಸಿ ಆನ್ ಮಾಡುವುದು ಅವಸರದ ಕೆಲಸ. ಹೊರಗಿನದು ಒಣಗಿದರೂ ಒಳಗಿನದು ಉಳಿದಿರುತ್ತದೆ. ಮಳೆಗಾಲದಲ್ಲಿ ಕಪಾಟಿನ ಬಟ್ಟೆಗಳ ನಡುವೆ ಕ್ಯಾಮೆರಾ ಇಡುವ ಅಭ್ಯಾಸ ಬಿಡಿ, ಲೆನ್ಸಿಗೆ ಫಂಗಸ್ ಹಿಡಿಯುವುದು ಅಲ್ಲಿಯೇ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಆಗಾಗ ಜೆಲ್ ಒಣಗಿಸುವುದು. ಇಷ್ಟು ಮಾಡಿದರೆ ಮಳೆ ಸುರಿಯುವ ಆಟಿ ತಿಂಗಳೂ ದಾಟುತ್ತದೆ.

ಸ್ಕ್ರೀನ್ ಒರೆಸಲಿಕ್ಕೆ ಎಂತ ಒಳ್ಳೇದು? ಅಂಗಿಯ ತುದಿ ಸಾಕಾ?

ಬೀಚಿನಿಂದ ಬಂದಿದ್ದರೆ ಅಂಗಿಯ ತುದಿ ಬೇಡವೇ ಬೇಡ. ಉಪ್ಪಿನ ಹರಳು, ಹೊಯಿಗೆಯ ಕಣ ಒರೆಸಿದಲ್ಲೆಲ್ಲ ಗೀರು ಬೀಳುತ್ತದೆ. ಮೊದಲು ಬ್ಲೋವರ್‌ನಲ್ಲಿ ಊದಿ, ಆಮೇಲೆ ಚೂರು ಒದ್ದೆ ಮಾಡಿ ಹಿಂಡಿದ ಮೈಕ್ರೋಫೈಬರ್ ಬಟ್ಟೆ, ಕೊನೆಗೆ ಒಣ ಬಟ್ಟೆ. ಕಿಟಕಿ ಗಾಜು ಒರೆಸುವ ದ್ರವ ಎಣ್ಣೆ ಹಿಡಿಯದಂತೆ ಬಳಿದ ಲೇಪವನ್ನು ತಿನ್ನುತ್ತದೆ. ಗೋಳಿಬಜೆ ತಿಂದ ಕೈಯಲ್ಲಿ ಮುಟ್ಟಿದ್ದಾದರೆ ಇದೇ ಬಟ್ಟೆ ಸಾಕು.

ಚಾರ್ಜಿಗೆ ಹಾಕಿದಾಗ ಮಾತ್ರ ಸ್ಕ್ರೀನ್ ಹುಚ್ಚುಹುಚ್ಚಾಗಿ ಒತ್ತಿಕೊಳ್ತದೆ. ಬದಿಯ ಒಂದು ಪಟ್ಟಿ ಮಾತ್ರ ಸತ್ತಿದೆ ಅಂತಲೂ ಒಬ್ರು ಹೇಳಿದ್ರು. ಎರಡೂ ಒಂದೇ ರೋಗವಾ?

ಅಲ್ಲ. ಮೊದಲನೆಯದು ಸಾಮಾನ್ಯವಾಗಿ ಅಗ್ಗದ ಚಾರ್ಜರಿನ ತಪ್ಪು, ಅದರ ವಿದ್ಯುತ್ ಗದ್ದಲ ಸ್ಕ್ರೀನಿನ ಕ್ಷೇತ್ರವನ್ನು ಕೆಡಿಸುತ್ತದೆ. ಒಳ್ಳೆಯ ಅಡಾಪ್ಟರ್ ಹಾಕಿ ನೋಡಿ. ಎರಡನೆಯದು ಒಳಗಿನದು: ಟಚ್ ಹಾಳೆ ಅಥವಾ ಮಡಚುವ ಸ್ಕ್ರೀನಿಗೆ ಹೋಗುವ ಚಪ್ಪಟೆ ಕೇಬಲ್ ಸವೆದಿರಬಹುದು. ಅದಕ್ಕೆ ಮೆನುವಿನಲ್ಲಿ ಮದ್ದಿಲ್ಲ. ಬಟನ್‌ಗಳೆಲ್ಲ ಸರಿ ಇದ್ದರೆ ಟಚ್ ಆಫ್ ಮಾಡಿ ಬಳಸುವುದೇ ಖರ್ಚಿಲ್ಲದ ದಾರಿ.

## ಆಟ, ಕಂಬಳ, ನೇಮ

ಯಕ್ಷಗಾನದಲ್ಲಿ ಬಣ್ಣದ ವೇಷ ಬಂದ್ರೆ ಮುಖಕ್ಕೆ ಫೋಕಸೇ ಆಗೋದಿಲ್ಲ. ವಿಡಿಯೋದಲ್ಲಿ ಕಪ್ಪು ಪಟ್ಟಿ ಬೇರೆ ಹರೀತದೆ.

ಎರಡು ಬೇರೆ ಬೇರೆ ಸಂಗತಿ. ಮುಖ ಗುರುತಿಸುವ ವ್ಯವಸ್ಥೆ ಹುಡುಕುವುದು ಎರಡು ಕಣ್ಣು, ಮೂಗು, ಬಾಯಿ ಮತ್ತು ಅವುಗಳ ನಡುವಿನ ನೆರಳು. ಮುಖಕ್ಕೆ ಚುಟ್ಟಿಯ ಉಬ್ಬುಚಿತ್ತಾರ ಇಟ್ಟು, ಮೂಗಿಗೆ ಗೋಳ ಕಟ್ಟಿ ಬಂದ ರಕ್ಕಸನ ಮುಖದಲ್ಲಿ ಅವೆಲ್ಲ ಮುಚ್ಚಿಹೋದಾಗ ಕ್ಯಾಮೆರಾ ಭಾಗವತರ ಮುಖಕ್ಕೋ ಚೆಂಡೆಯವರ ಮುಖಕ್ಕೋ ಹಾರುತ್ತದೆ. ಆಗ ಮುಖ ಗುರುತಿಸುವುದನ್ನು ಆಫ್ ಮಾಡಿ, ವೇಷದ ಎದೆಪದಕದ ಮೇಲೆ ಬೆರಳಿಟ್ಟು ಟ್ರ್ಯಾಕಿಂಗ್ ಹಾಕಿ. ಹೊಳೆಯುವ ಪದಕದ ಅಂಚು ಫೋಕಸ್‌ಗೆ ಸಲೀಸು, ಮುಖವೂ ಹೆಚ್ಚುಕಡಿಮೆ ಅದೇ ದೂರದಲ್ಲಿರುತ್ತದೆ. ಟಚ್ ಸ್ಕ್ರೀನ್ ಕೊಟ್ಟ ಹಣಕ್ಕೆ ನ್ಯಾಯ ಸಲ್ಲಿಸುವುದು ಇಲ್ಲಿ. ನಾಲ್ಕುಬಾಣದ ಬಟನ್‌ನಲ್ಲಿ ಚೌಕ ಸರಿಸುತ್ತಾ ಕೂತರೆ ಅಷ್ಟರಲ್ಲಿ ವೇಷ ರಂಗಸ್ಥಳದ ಆಚೆ ತುದಿ ಮುಟ್ಟಿರುತ್ತದೆ. ಹಿನ್ನೆಲೆ ಕತ್ತಲೆಯಾದ್ದರಿಂದ ಕ್ಯಾಮೆರಾ ಬೆಳಕು ಹೆಚ್ಚು ತೆಗೆದುಕೊಂಡು ಮುಖದ ಬಿಳಿಯನ್ನು ಸುಡುತ್ತದೆ. ಎಕ್ಸ್‌ಪೋಶರ್ ಅರ್ಧದಿಂದ ಒಂದು ಸ್ಟಾಪ್ ಇಳಿಸಿ.

ಕಪ್ಪು ಪಟ್ಟಿ ದೀಪದ್ದು. ನಮ್ಮ ಕರೆಂಟು 50 ಹರ್ಟ್ಸ್, ಅದರಿಂದ ನಡೆಯುವ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100 ಸೆಕೆಂಡ್ ಇದ್ದರೆ ಪ್ರತಿ ಫ್ರೇಮಿಗೂ ಪೂರ್ಣ ಮಿನುಗು ಸಿಗುತ್ತದೆ, ಪಟ್ಟಿ ಬರುವುದಿಲ್ಲ. ಕ್ಯಾಮೆರಾ ಪಾಲ್ ಬಿಟ್ಟು ಎನ್‌ಟಿಎಸ್‌ಸಿ ಎಂಬ ಇನ್ನೊಂದು ವಿಡಿಯೋ ಪದ್ಧತಿಯಲ್ಲಿದ್ದರೆ ಅದು 30 ಅಥವಾ 60 ಫ್ರೇಮ್, 1/60 ಶಟರ್ ಎಂದು ಲೆಕ್ಕ ಹಾಕುತ್ತದೆ; ಪಟ್ಟಿ ಹುಟ್ಟುವುದು ಈ ಹೊಂದಿಕೆಯಾಗದ ಲೆಕ್ಕದಿಂದ. ಪಾಲ್‌ಗೆ ತಂದು 25 ಅಥವಾ 50 ಫ್ರೇಮ್ ಆರಿಸಿ. ಮಂದ ಮಾಡಿದ ಎಲ್‌ಇಡಿ ದೀಪಗಳಿಗೆ ತಮ್ಮದೇ ಬೇರೆ ಮಿನುಗು ಇರುತ್ತದೆ, ಅಲ್ಲಿ ಶಟರನ್ನು ಸ್ವಲ್ಪ ಸ್ವಲ್ಪ ಬದಲಿಸಿ ನೋಡುವುದೇ ಉಪಾಯ. ಸೋನಿಯವರು ಮರೆಯಬೇಡಿ: ಪಾಲ್, ಎನ್‌ಟಿಎಸ್‌ಸಿ ಬದಲಿಸಿದರೆ ಕಾರ್ಡ್ ಫಾರ್ಮ್ಯಾಟ್ ಮಾಡಲು ಕೇಳುತ್ತದೆ. ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ತೆಗೆದ ಫೋಟೋ ಅದರಲ್ಲಿದ್ದರೆ ಅಷ್ಟೇ ಕಥೆ. ಇದು ಮನೆಯಲ್ಲೇ ಆಗಬೇಕಾದ ಕೆಲಸ.

ಕಂಬಳಕ್ಕೆ ಈ ಸಣ್ಣ ಕ್ಯಾಮೆರಾ ಆದೀತಾ? ಕೋಣ ಬರುವಷ್ಟರಲ್ಲಿ ಫೋಕಸ್ ಹುಡುಕ್ತಾ ಇರ್ತದೆ.

ಆದೀತು, ಕ್ಯಾಮೆರಾದ ಹಿಂದೆ ನೀವು ಓಡದಿದ್ದರೆ. ಜಿ7 ಎಕ್ಸ್ ಮಾರ್ಕ್ 2, ಮಾರ್ಕ್ 3 ಬಳಸುವುದು ಕಾಂಟ್ರಾಸ್ಟ್ ಪದ್ಧತಿಯ ಫೋಕಸ್. ಅದು ಹಿಂದೆಮುಂದೆ ಹೋಗಿ ತಡಕಾಡಿ ನಿಲ್ಲುತ್ತದೆ. ಎದುರಿಗೇ ನುಗ್ಗಿ ಬರುವ ಜೋಡಿ ಕೋಣಗಳ ಮುಂದೆ ಅದಕ್ಕೆ ಪುರುಸೊತ್ತು ಸಿಗುವುದಿಲ್ಲ. ಆರ್‌ಎಕ್ಸ್100 ಮಾರ್ಕ್ 7 ಸೆಕೆಂಡಿಗೆ 20 ಫೋಟೋ ತೆಗೆಯುತ್ತಾ ಬೆನ್ನು ಹತ್ತಬಲ್ಲದು, ಬೆಲೆಯೂ ಹಾಗೇ ಉಂಟು.

ಎಲ್ಲ ಕ್ಯಾಮೆರಾಕ್ಕೂ ನಡೆಯುವ ವಿಧಾನ ಇದು. ಕೋಣಗಳು ಇನ್ನೂ ಗಂತಿನಲ್ಲಿ (ಓಟ ಶುರುವಾಗುವಲ್ಲಿ) ನಿಂತಿರುವಾಗಲೇ, ಮಂಜೊಟ್ಟಿಯ (ಓಟ ಮುಗಿಯುವ ತುದಿಯ) ಹತ್ತಿರ ಕರೆಯಲ್ಲಿ, ಅಂದರೆ ಓಟದ ಕೆಸರುಗದ್ದೆಯಲ್ಲಿ, ಒಂದು ಜಾಗ ಗೊತ್ತು ಮಾಡಿ ಅಲ್ಲಿಗೆ ಬೆರಳಿಟ್ಟು ಫೋಕಸ್ ಮಾಡಿ. ಕೂಡಲೇ ಮ್ಯಾನುವಲ್ ಫೋಕಸ್‌ಗೆ ಬದಲಿಸಿ ಅಥವಾ ಎಎಫ್ (ಆಟೋ ಫೋಕಸ್) ಲಾಕ್ ಹಾಕಿ, ಟಚ್ ಆಫ್ ಮಾಡಿ. ಶಟರ್ 1/1000, ಕಂಟಿನ್ಯುಯಸ್ ಶೂಟಿಂಗ್. ಕೋಣಗಳು ಆ ಜಾಗಕ್ಕೆ ಬರುವ ಸ್ವಲ್ಪ ಮೊದಲೇ ಒತ್ತಿ ಹಿಡಿಯಿರಿ. ಕನೆಹಲಗೆಯ (ಕೋಣಗಳ ಹಿಂದೆ ಓಡಿಸುವವನು ನಿಲ್ಲುವ ಹಲಗೆಯ) ನೀರು ನಿಶಾನೆಗೆ (ಮೇಲೆ ಕಟ್ಟಿದ ಗುರಿಬಟ್ಟೆಗೆ) ಹಾರುವುದನ್ನು ಹಿಡಿಯಲಿಕ್ಕೂ ಇದೇ ಕ್ರಮ, ಫೋಕಸ್ ಮಾತ್ರ ನಿಶಾನೆಯ ಬಟ್ಟೆಯ ಮೇಲೆ. ರಾತ್ರಿ ಹೊನಲು ಬೆಳಕಿನಲ್ಲಿ 1/1000 ಬೇಕಾದರೆ ಐಎಸ್‌ಒ ಬಹಳ ಮೇಲೆ ಹೋಗುತ್ತದೆ, ಕಾಳುಕಾಳಾಗಿ ಬರುತ್ತದೆ. ಸಣ್ಣ ಕ್ಯಾಮೆರಾದವರಿಗೆ ಹಗಲಿನ ಓಟವೇ ಲೇಸು.

ನೇಮ (ದೈವದ ಕೋಲ) ನಡೆಯುವಲ್ಲಿ ಕ್ಯಾಮೆರಾ ಸದ್ದು, ಬೆಳಕು ಒಂದೂ ಬರದ ಹಾಗೆ ಮಾಡೋದು ಹೇಗೆ?

ಮೊದಲ ಸೆಟ್ಟಿಂಗ್ ಮೆನುವಿನಲ್ಲಿಲ್ಲ: ಮನೆಯವರನ್ನೋ ಗುತ್ತಿನವರನ್ನೋ (ಊರಿನ ಹಿರಿಮನೆಯವರನ್ನೋ) ಕೇಳಬೇಕು. ಬೇಡ ಎಂದರೆ ಕ್ಯಾಮೆರಾ ಚೀಲಕ್ಕೆ. ಒಪ್ಪಿಗೆ ಸಿಕ್ಕರೆ ಫ್ಲ್ಯಾಶ್ ಆಫ್, ಸದ್ದು ಆಫ್, ಎಎಫ್ ಅಸಿಸ್ಟ್ ಆಫ್. ಹೆಚ್ಚಿನವರು ಮರೆಯುವುದು ಈ ಕೊನೆಯದನ್ನು; ಕತ್ತಲಲ್ಲಿ ಫೋಕಸ್‌ಗೆಂದು ಕ್ಯಾಮೆರಾ ಎದುರಿನಿಂದ ಹೊಮ್ಮುವ ಕೆಂಪು ಅಥವಾ ಕಿತ್ತಳೆ ಬೆಳಕು ನೇರ ಎದುರಿದ್ದವರ ಕಣ್ಣಿಗೆ ಹೊಡೆಯುತ್ತದೆ. ಸ್ಕ್ರೀನಿನ ಬೆಳಕನ್ನೂ ಪೂರ್ತಿ ಇಳಿಸಿ. ಸೈಲೆಂಟ್ ಶಟರ್ ಅಂದರೆ ಎಲೆಕ್ಟ್ರಾನಿಕ್ ಶಟರ್, ಟ್ಯೂಬ್‌ಲೈಟ್ ಅಡಿಯಲ್ಲಿ ಅದರಲ್ಲೂ ಪಟ್ಟಿ ಬರಬಹುದು. ದೀವಟಿಗೆಯ ಬೆಳಕಿನಲ್ಲಿ ಆ ತೊಂದರೆ ಇಲ್ಲ.

## ಮೆನುವಿನ ಆಳಕ್ಕೆ

ವ್ಯೂಫೈಂಡರ್‌ಗೆ ಕಣ್ಣಿಟ್ರೆ ಫೋಕಸ್ ಚೌಕ ತನ್ನಿಂತಾನೇ ಜಾರ್ತದೆ. ಮಳೆಯೂ ಇಲ್ಲ, ಬೆವರೂ ಇಲ್ಲ.

ಮೂಗು. ಆರ್‌ಎಕ್ಸ್100 ಮಾರ್ಕ್ 7, ಎಕ್ಸ್100ವಿಯಂಥವುಗಳಲ್ಲಿ ವ್ಯೂಫೈಂಡರ್ ಬಳಸುವಾಗ ಸ್ಕ್ರೀನ್ ಟಚ್‌ಪ್ಯಾಡ್ ಆಗಬಲ್ಲದು, ಮೂಗಿನ ತುದಿ ತಾಗಿದರೂ ಅದು ಬೆರಳೆಂದೇ ತಿಳಿಯುತ್ತದೆ. ಎಡಗಣ್ಣಿನಿಂದ ನೋಡುವವರಿಗೆ ಕಾಟ ಹೆಚ್ಚು. ಸೋನಿಯ ಟಚ್‌ಪ್ಯಾಡ್ ಸೆಟ್ಟಿಂಗ್‌ನಲ್ಲಿಯೂ ಫ್ಯೂಜಿಯ ಟಚ್ ಸ್ಕ್ರೀನ್ ಸೆಟ್ಟಿಂಗ್‌ನಲ್ಲಿಯೂ ಸ್ಕ್ರೀನಿನ ಯಾವ ಭಾಗ ಕೆಲಸ ಮಾಡಬೇಕೆಂದು ಆರಿಸಬಹುದು. ಬಲ ಅರ್ಧ ಮಾತ್ರ ಇಟ್ಟರೆ ಹೆಬ್ಬೆರಳಿಗೆ ಸಿಗುತ್ತದೆ, ಮೂಗಿಗೆ ಸಿಗುವುದಿಲ್ಲ. ಮೂಗು ಅಷ್ಟಕ್ಕೂ ಬಗ್ಗದಿದ್ದರೆ ವ್ಯೂಫೈಂಡರ್ ಬಳಸುವಾಗ ಟಚ್ ಪೂರ್ತಿ ಆಫ್.

ಆಟಕ್ಕೊಂದು, ಬೀಚಿಗೊಂದು ಸೆಟ್ಟಿಂಗ್ ಇಟ್ಟುಕೊಳ್ಳೋಕೆ ಆಗ್ತದಾ?

ಆಗುತ್ತದೆ. ಕ್ಯಾನನ್ ಡಯಲಿನ ಸಿ, ಸೋನಿಯ ಎಂಆರ್, ರಿಕೋದ ಯು1ರಿಂದ ಯು3 ಇರುವುದು ಅದಕ್ಕೇ. ಐಎಸ್‌ಒ, ಶಟರ್, ವೈಟ್ ಬ್ಯಾಲೆನ್ಸ್, ಫೋಕಸ್ ವಿಧಾನ ಎಲ್ಲ ಜೋಡಿಸಿ ಅಲ್ಲಿ ಉಳಿಸಿದರೆ ಡಯಲ್ ತಿರುಗಿಸಿದ ಕೂಡಲೇ ಬರುತ್ತದೆ. ಒಂದೇ ಜಾಗ ಇದ್ದರೆ ಅದನ್ನು ರಾತ್ರಿಯ ಆಟಕ್ಕೆ ಕೊಡಿ. ಹಗಲಿಗೆ ಆಟೋ ಸುಧಾರಿಸುತ್ತದೆ, ಕತ್ತಲಲ್ಲಿ ಅದು ಎಡವುತ್ತದೆ. ಇದರ ಜೊತೆ 'ಮೈ ಮೆನು' ಎಂಬ ಖಾಲಿ ಪುಟ ಎಷ್ಟೋ ಕ್ಯಾಮೆರಾಗಳಲ್ಲಿ ಇದೆ. ಫಾರ್ಮ್ಯಾಟ್, ಟಚ್ ಆನ್-ಆಫ್, ಸ್ಕ್ರೀನ್ ಬೆಳಕು, ಎಎಫ್ ಅಸಿಸ್ಟ್ ಇಷ್ಟನ್ನು ಅಲ್ಲಿಗೆ ಸೇರಿಸಿ, ಮೆನು ಒತ್ತಿದ ಕೂಡಲೇ ಆ ಪುಟವೇ ತೆರೆಯುವ ಹಾಗೆ ಮಾಡಲು ಬಿಟ್ಟರೆ ಹಾಗೆಯೇ ಇಡಿ.

ವಿಡಿಯೋ ಮಾಡುವಾಗ ಬೆರಳಲ್ಲಿ ಫೋಕಸ್ ಬದಲಿಸಿದ್ರೆ ಸಿನಿಮಾದ ಹಾಗೆ ನಿಧಾನಕ್ಕೆ ಹೋಗೋದಿಲ್ಲ, ದಡಕ್ಕನೆ ಹಾರ್ತದೆ.

ಎಎಫ್ ವೇಗ ಎಂಬ ಸೆಟ್ಟಿಂಗ್ ಇರುವ ಮಾದರಿಗಳಲ್ಲಿ ಅದನ್ನು ನಿಧಾನಕ್ಕೆ ಇಳಿಸಿ, ಫೋಕಸನ್ನು ಕಂಟಿನ್ಯುಯಸ್‌ನಲ್ಲಿಡಿ. ಎದುರಿನ ಹೂವಿನಿಂದ ಹಿಂದಿನ ರಥಕ್ಕೆ ಬೆರಳಿಟ್ಟಾಗ ಆಗ ಮೆಲ್ಲಗೆ ಜಾರುತ್ತದೆ. ಬೆರಳನ್ನು ಬಡಿಯಬೇಡಿ, ತಾಗಿಸಿ; ಒಳಗಿನ ಮೈಕ್ ಆ ಟಕ್ ಸದ್ದನ್ನು ತಪ್ಪದೆ ಹಿಡಿಯುತ್ತದೆ.

ಈಗ ಹುಡುಗರು ಹಳೇ ಡಿಜಿಟಲ್ ಕ್ಯಾಮೆರಾ ಹುಡುಕ್ತಾರೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಟಚ್ ಸರಿ ಉಂಟಾ ಅಂತ ನೋಡೋದು ಹೇಗೆ?

ಮೊದಲು ಅದು ಯಾವ ಕಾಲದ ಟಚ್ ಎಂದು ತಿಳಿಯಿರಿ. 2005ರ ಸೋನಿ ಸೈಬರ್‌ಶಾಟ್ ಎನ್1ರಂಥವುಗಳದ್ದು ಒತ್ತಡಕ್ಕೆ ಕೆಲಸ ಮಾಡುವ ಸ್ಕ್ರೀನ್. ಎರಡು ಪದರಗಳು ಒತ್ತಿದಲ್ಲಿ ಒಂದಕ್ಕೊಂದು ತಾಗಬೇಕು. ಉಗುರು, ಕಡ್ಡಿ, ಪೆನ್ನಿನ ಹಿಂಬದಿ ಎಲ್ಲವೂ ನಡೆಯುತ್ತದೆ, ಮೊಬೈಲಿನ ಹಾಗೆ ಹಗುರವಾಗಿ ಸವರಿದರೆ ನಡೆಯುವುದಿಲ್ಲ. ಅದನ್ನು ಕೆಟ್ಟದ್ದೆಂದು ತಳ್ಳಬೇಡಿ. ಒತ್ತಿದ್ದು ಒಂದು ಕಡೆ, ತಗುಲುವುದು ಇನ್ನೊಂದು ಕಡೆ ಆದರೆ ಸೆಟಪ್‌ನಲ್ಲಿ ಕ್ಯಾಲಿಬ್ರೇಷನ್ ಇದೆಯಾ ನೋಡಿ, ಅಡ್ಡಗೆರೆಗಳ ಮೇಲೆ ಒತ್ತುತ್ತಾ ಹೋದರೆ ಸರಿಯಾಗುತ್ತದೆ.

ಹೊಸ ಬಗೆಯದ್ದಾದರೆ ಟಚ್ ಫೋಕಸ್ ಆನ್ ಮಾಡಿ, ನಾಲ್ಕು ಮೂಲೆ ಮತ್ತು ನಾಲ್ಕು ಅಂಚುಗಳ ನಡುವೆ ಬೆರಳಿಟ್ಟು ಚೌಕ ಅಲ್ಲಿಗೇ ಬರುತ್ತದಾ ನೋಡಿ. ಕೆಲವು ಮಾದರಿಗಳು ತೀರಾ ಅಂಚಿಗೆ ಫೋಕಸ್ ಬಿಡುವುದಿಲ್ಲ. ಹಾಗಾಗಿ ಒಂದು ಫೋಟೋ ತೆರೆದು ದೊಡ್ಡದು ಮಾಡಿ, ಬೆರಳಿಂದ ಮೂಲೆಯಿಂದ ಮೂಲೆಗೆ ಎಳೆದೂ ನೋಡಿ, ನಡುವೆ ಎಲ್ಲಿಯೂ ಜಿಗಿಯಬಾರದು. ಸ್ಕ್ರೀನ್ ಮಡಚುವಂಥದ್ದಾದರೆ ಪೂರ್ತಿ ತೆರೆದು, ಅರ್ಧ ತೆರೆದು, ಮುಚ್ಚಿ ಮೂರು ಸ್ಥಿತಿಯಲ್ಲೂ ಇದನ್ನೇ ಮಾಡಿ. ಕೇಬಲ್ ಸವೆದಿದ್ದರೆ ಒಂದಲ್ಲ ಒಂದು ಕೋನದಲ್ಲಿ ಬೆರಳು ಕೇಳುವುದು ನಿಲ್ಲುತ್ತದೆ.

ನಮ್ಮ ಕರಾವಳಿಯಲ್ಲೇ ಇದ್ದ ಕ್ಯಾಮೆರಾ ಆದರೆ ಬ್ಯಾಟರಿ ಬಾಗಿಲು ತೆರೆದು ಲೋಹದ ತುದಿಗಳಲ್ಲಿ ಹಸಿರು ಅಥವಾ ಬಿಳಿ ಹುಡಿ ಇದೆಯಾ ನೋಡಿ, ಮೊಬೈಲ್ ಟಾರ್ಚನ್ನು ಲೆನ್ಸಿಗೆ ಓರೆಯಾಗಿ ಬಿಟ್ಟು ಜೇಡರ ಬಲೆಯಂಥ ಎಳೆಗಳನ್ನು ಹುಡುಕಿ. ಟಚ್ ಹೋದರೆ ಬಟನ್ ಉಂಟು. ಲೆನ್ಸಿಗೆ ಫಂಗಸ್ ಹತ್ತಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.